ಬಾರದ ಚಾನೆಲ್ಲಿನ ಕಾಮೆಂಟ್ರಿ ಮಾಸ್ತರ

ಕೆನಡಾದ ಬ್ರ್ಯಾಂಪ್ಟನ್ನಿನ ಕನ್ನಡದವರಲ್ಲಿ ಭರತೇಶನ ಮುಖ ಮರೆತವರು ಇರಬಹುದು, ಗಂಟಲು ಮರೆತವರಿಲ್ಲ. ಅದೆಂಥ ಗಂಟಲು ಅಂತೀರಿ! ಪ್ಲಾಜಾದ ಪಾರ್ಕಿಂಗಿನ ಆ ತುದಿಯಲ್ಲಿ ನಿಂತು "ಆರಾಮ ಏನ್ರಿ?" ಎಂದರೆ ಸಾಕು, ಈ ತುದಿಯಲ್ಲಿ ಕಾರು ಹಿಂದಕ್ಕೆ ತೆಗೆಯುತ್ತಿದ್ದವನು ಬೆದರಿ ಬ್ರೇಕ್ ಒತ್ತುತ್ತಿದ್ದ. ಈಗ ಅದೇ ಭರತೇಶ ಎದುರಿಗೆ ಸಿಕ್ಕರೆ ತಲೆಯಾಡಿಸಿ ಮುಂದೆ ಹೋಗುತ್ತಾನೆ. ಜನ ಕೊಬ್ಬು ಬಂದಿದೆ ಅಂದುಕೊಂಡಿದ್ದಾರೆ. ಕೊಬ್ಬೂ ಇಲ್ಲ ಮಣ್ಣೂ ಇಲ್ಲ. ಆದದ್ದೇನು ಎಂದು ಹೇಳುತ್ತೇನೆ, ಕೇಳಿ ಆಮೇಲೆ ಬೇಕಾದರೆ ಆಡಿಕೊಳ್ಳಿ.

ಭರತೇಶ ಹುಕ್ಕೇರಿ ಕಡೆಯವನು, ಜೈನರ ಮನೆಯ ಹುಡುಗ. ಅಲ್ಲಿ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದ. ಮಕ್ಕಳಿಗೆ ಸೀಟಿ ಊದಿ ಡ್ರಿಲ್ ಮಾಡಿಸುವುದು ಸರ್ಕಾರದ ಕೆಲಸವಾದರೆ, ಅವನ ನಿಜವಾದ ಕೆಲಸ ಬೇರೆಯೇ ಇತ್ತು. ಸುತ್ತಿನ ಯಾವ ಊರಲ್ಲಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿ ಇದ್ದರೂ ಮೈಕು ಇವನ ಕೈಗೆ ಬರಬೇಕು. ಸಂಘಟಕರು ಮೊದಲು ಇವನ ತಾರೀಖು ಗಟ್ಟಿ ಮಾಡಿಕೊಂಡು ಆಮೇಲೆ ಲೈಟಿನವನ ಹತ್ತಿರ ಹೋಗುತ್ತಿದ್ದರು. ಇವನು ಮೈಕು ಹಿಡಿದ ಎಂದರೆ ಸೋಲುವ ತಂಡವೂ ಸಂತೋಷದಿಂದ ಸೋಲುತ್ತಿತ್ತು, ಯಾಕೆಂದರೆ ಸೋತವರನ್ನೂ ಎರಡು ಮಾತು ಹೊಗಳದೆ ಬಿಡುವವನಲ್ಲ. ಅವನ ಹೆಂಡತಿ ಹೇಮಶ್ರೀ ನರ್ಸು. ಅವಳಿಗೆ ಕೆನಡಾದಲ್ಲಿ ವೃದ್ಧರ ಆರೈಕೆ ಕೇಂದ್ರವೊಂದರಲ್ಲಿ ಕೆಲಸ ಸಿಕ್ಕಿತು. ಮಗಳು ಮಾನ್ಯಾ ಆಗ ಚಿಕ್ಕವಳು. ಹೆಂಡತಿಯ ಹಿಂದೆ ಮಗಳ ಕೈ ಹಿಡಿದುಕೊಂಡು ಭರತೇಶನೂ ವಿಮಾನ ಹತ್ತಿದ.

ಇಲ್ಲಿ ಬಂದ ಮೇಲೆ ಪಿ.ಟಿ. ಮಾಸ್ತರಿಕೆಯ ಸರ್ಟಿಫಿಕೇಟನ್ನು ಯಾರು ಮೂಸುತ್ತಾರೆ? ವೇರ್‌ಹೌಸಿನಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ಕಿವಿಗೊಂದು ಹೆಡ್‌ಸೆಟ್ ಕೊಡುತ್ತಾರೆ. ಯಾವ ಸಾಲಿಗೆ ಹೋಗಬೇಕು, ಎಷ್ಟು ಡಬ್ಬ ಎತ್ತಬೇಕು ಎಂದು ಯಂತ್ರವೇ ಹೇಳುತ್ತದೆ. ಹೋಗಿ ನಿಂತವನು ಅಲ್ಲಿ ಅಂಟಿಸಿದ ಅಂಕಿಗಳನ್ನು ಓದಿ 'ರೆಡಿ' ಎನ್ನಬೇಕು. ಅಷ್ಟೇ ಮಾತು. ಮೊದಲ ವಾರ ಇವನು ತನ್ನ ಸಹಜ ದನಿಯಲ್ಲಿ 'ರೆಡಿ' ಎಂದದ್ದಕ್ಕೆ ಯಂತ್ರ ತಬ್ಬಿಬ್ಬಾಗಿ ಮತ್ತೆ ಮತ್ತೆ ಕೇಳಿತಂತೆ. ಸೂಪರ್‌ವೈಸರ್ ಬಂದು, ಮೆಲ್ಲಗೆ ಮಾತಾಡಪ್ಪಾ ಎಂದು ಹೇಳಿಹೋದ. ಮೆಲ್ಲಗೆ ಮಾತಾಡುವುದನ್ನು ಭರತೇಶ ನಲವತ್ತರ ವಯಸ್ಸಿನಲ್ಲಿ ಕಲಿತ. ಸಂಸಾರ ನಡೆಯಬೇಕಲ್ಲ.

ಹೀಗೆ ಹತ್ತಾರು ವರ್ಷ ಕಳೆದವು. ಮಾನ್ಯಾ ಕಾಲೇಜಿಗೆ ಹೋದಳು, ವಾಲಿಬಾಲ್ ತಂಡಕ್ಕೂ ಸೇರಿದಳು. ಬಹುಪಾಲು ಬೆಂಚಿನ ಮೇಲೇ ಕೂತಿರುತ್ತಿದ್ದಳು, ಅದು ಬೇರೆ ಮಾತು. ಒಂದು ಶನಿವಾರ ಮಧ್ಯಾಹ್ನ ಭರತೇಶ ಮಗಳ ಪಂದ್ಯ ನೋಡಲು ಕಾಲೇಜಿನ ಜಿಮ್ಮಿಗೆ ಹೋದ. ಮೊದಲ ಸೆಟ್ ಬಾಯಿ ಮುಚ್ಚಿಕೊಂಡೇ ನೋಡಿದ. ಎರಡನೆಯದರಲ್ಲಿ ಆಟ ಬಿಗಿಯಾಯಿತು ನೋಡಿ, ಅಷ್ಟು ವರ್ಷ ಒಳಗೆ ಅದುಮಿಟ್ಟದ್ದೆಲ್ಲ ಒಮ್ಮೆಲೇ ಹೊರಬಂತು.

"ಎತ್ತಿದಳು... ಎತ್ತಿದ್ದನ್ನ ನೋಡ್ರಿ, ಮದುವಿ ಮನ್ಯಾಗ ಹೋಳಿಗಿ ಬಡಿಸಿದಂಗ ಎತ್ತಿ ಇಟ್ಟಳು! ಹಾರಿದಳು... ಹೊಡದಳು! ಹೋತು, ಹೋತು, ನೆಲಕ್ಕ ಬಿತ್ತು!"

ಇಡೀ ಜಿಮ್ಮು ತಿರುಗಿ ನೋಡಿತು. ಮಾನ್ಯಾ ಬೆಂಚಿನಿಂದಲೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು "ಅಪ್ಪಾ, ಪ್ಲೀಸ್! ಜಸ್ಟ್ ಸ್ಟಾಪ್!" ಎಂದಳು. ಆದರೆ ಮೂಲೆಯಲ್ಲಿ ಕ್ಯಾಮೆರಾ ಇಟ್ಟುಕೊಂಡು ಕೂತಿದ್ದ ಒಬ್ಬ ಹೆಂಗಸು ಎದ್ದು ಇವನ ಕಡೆಗೇ ಬಂದಳು. ಹೆಸರು ಗ್ಲೆಂಡಾ. ಕಾಲೇಜು ಬಾಸ್ಕೆಟ್‌ಬಾಲ್ ಕೋಚ್ ಆಗಿ ರಿಟೈರಾದವಳು, ತನ್ನ ಗಂಟನ್ನೆಲ್ಲ ಸುರಿದು 'ಕ್ಯಾಂಪಸ್ ಕೋರ್ಟ್' ಎಂಬ ಚಾನೆಲ್ ಶುರುಮಾಡಿದ್ದಳು. ಕಾಲೇಜು ಹುಡುಗ ಹುಡುಗಿಯರ ಆಟಗಳನ್ನು ಮಾತ್ರ ತೋರಿಸುವ ಚಾನೆಲ್ಲು. ಆಗ ಅದು ಬರುತ್ತಿದ್ದದ್ದು ಇಂಟರ್‌ನೆಟ್ಟಿನಲ್ಲಷ್ಟೇ, ನೋಡುತ್ತಿದ್ದವರು ಆಟಗಾರರ ಅಪ್ಪ ಅಮ್ಮಂದಿರಷ್ಟೇ. ಇದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಬಲ್ಲೆಯಾ ಎಂದು ಗ್ಲೆಂಡಾ ಕೇಳಿದಳು. ಇಂಗ್ಲಿಷು ಬರುತ್ತದೆ, ಆದರೆ ಬಿರುಸು ಬರುವುದು ಕನ್ನಡದಲ್ಲೇ ಎಂದ ಭರತೇಶ. ಹಾಗಾದರೆ ಎರಡನ್ನೂ ಸೇರಿಸಿ ಹೇಳು ಎಂದಳು ಗ್ಲೆಂಡಾ. ಅವಳ ಹೊಟ್ಟೆ ತಣ್ಣಗಿರಲಿ.

ಅಲ್ಲಿಂದ ಎರಡು ಸೀಸನ್ ಭರತೇಶನನ್ನು ಹಿಡಿಯುವವರಿಲ್ಲ. ವಾರವಿಡೀ ವೇರ್‌ಹೌಸು, ಶನಿವಾರ ಭಾನುವಾರ ಮೈಕು. ಒಶಾವಾ ಆಗಲಿ ಹ್ಯಾಮಿಲ್ಟನ್ ಆಗಲಿ, ಗ್ಲೆಂಡಾಳ ವ್ಯಾನಿನಲ್ಲಿ ಹೋಗಿ ಬರುತ್ತಿದ್ದ. ಇವನೋ ಸೂರ್ಯ ಮುಳುಗಿದ ಮೇಲೆ ಊಟ ಮುಟ್ಟುವವನಲ್ಲ, ಚಳಿಗಾಲದಲ್ಲಿ ಇಲ್ಲಿ ಸೂರ್ಯ ಐದು ಗಂಟೆಯ ತನಕವೂ ಇರುವುದಿಲ್ಲ. ವ್ಯಾನಿನಲ್ಲೇ ಹೇಮಶ್ರೀ ಕಟ್ಟಿಕೊಟ್ಟ ಚಪಾತಿ ತಿಂದು, ನೀರು ಕುಡಿದು, ಬಾಯಿ ಒರೆಸಿಕೊಂಡು ಮೈಕಿನ ಮುಂದೆ ಕೂರುತ್ತಿದ್ದ. ತಂಡಗಳಲ್ಲಿ ಪಂಜಾಬಿನ, ಕೇರಳದ, ನಮ್ಮ ಕಡೆಯ ಮಕ್ಕಳು ತುಂಬಿದ್ದರು. ಇವನು ಇಂಗ್ಲಿಷಿನ ನಡುವೆ "ಹೊಡಿ ಅವ್ವಾ ಹೊಡಿ!" ಎಂದರೆ ಅವರಿಗೆ ಎಲ್ಲಿಲ್ಲದ ಹುರುಪು. ತುಣುಕುಗಳು ವಾಟ್ಸಾಪಿನಲ್ಲಿ ಮನೆ ಮನೆಗೆ ಹೋದವು. ಮಾನ್ಯಾಳ ಗೆಳತಿಯರು "ಯುವರ್ ಡ್ಯಾಡ್ ಈಸ್ ಅ ಲೆಜೆಂಡ್" ಎಂದ ಮೇಲೆ ಅವಳ ನಾಚಿಕೆಯೂ ಬಿಟ್ಟಿತು. ಹೇಮಶ್ರೀ ಒಂದು ದಿನ ಗಂಡನನ್ನು ನೋಡಿ, "ಏನ್ರಿ, ಹುಕ್ಕೇರಿಯಾಗಿನ ನನ್ನ ಗಂಡ ಮತ್ತ ಬಂದಂಗ ಆತ ನೋಡ್ರಿ" ಎಂದಳು. ಅದನ್ನು ಕೇಳಿ ಅವನಿಗೆ ಕಣ್ಣಲ್ಲಿ ನೀರು ಬಂತು.

ಆದರೆ ಚಾನೆಲ್ಲು ಬರೇ ಹುರುಪಿನಿಂದ ನಡೆಯುತ್ತದೆಯೇ? ಮುಂದಿನ ಸೀಸನ್ನಿಗೆ ಕೇಬಲ್ ಟಿವಿಯಲ್ಲಿ ಬರದಿದ್ದರೆ ಕರಾರು ಮುಂದುವರಿಸುವುದಿಲ್ಲ ಎಂದು ಕಾಲೇಜುಗಳು ಖಡಾಖಂಡಿತವಾಗಿ ಹೇಳಿದವು. ಜಾಹೀರಾತಿನವರದೂ ಅದೇ ಹಾಡು. ಕೇಬಲ್ಲಿಗೆ ಬಂದರೆ ಗ್ಲೆಂಡಾ ಭರತೇಶನನ್ನು ಪೂರ್ತಿ ಕೆಲಸಕ್ಕೆ ತೆಗೆದುಕೊಳ್ಳುತ್ತಾಳೆ, ವೇರ್‌ಹೌಸಿಗೆ ಕೈಮುಗಿದು ಬರಬಹುದು. ಬರದಿದ್ದರೆ ಚಾನೆಲ್ಲೂ ಇಲ್ಲ, ಕಾಮೆಂಟ್ರಿಯೂ ಇಲ್ಲ. ಇಲ್ಲಿ ದೊಡ್ಡ ಕೇಬಲ್ ಕಂಪನಿಗಳು ಎರಡೇ. ಮೊದಲನೆಯದು, ಇದನ್ನೆಲ್ಲ ಯಾರಮ್ಮಾ ನೋಡುತ್ತಾರೆ ಎಂದು ಬಾಗಿಲಲ್ಲೇ ಕಳಿಸಿತು. ಎರಡನೆಯದು ಸ್ವಲ್ಪ ಮೆತ್ತಗೆ, ಜನ ಬೇಕು ಅಂತ ಕೇಳಿದರೆ ಯೋಚನೆ ಮಾಡೋಣ, ಚಾನೆಲ್ ಬೇಕೆನ್ನುವವರು ನಮ್ಮ ನಂಬರಿಗೆ ಫೋನ್ ಮಾಡಲಿ ಎಂದಿತು.

ಗ್ಲೆಂಡಾ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. ಭರತೇಶ ಎದೆ ತಟ್ಟಿಕೊಂಡ. ಜನ ತಾನೇ, ಅದು ನನಗೆ ಬಿಡು ಎಂದ. ಬಂದವನೇ ಸುಮಿತ್ರಮ್ಮನವರ ಮನೆಯ ಬೆಲ್ಲು ಒತ್ತಿದ.

ಸುಮಿತ್ರಮ್ಮ ಮೈಸೂರಿನವರು, ಮಗ ಸೊಸೆಯ ಜೊತೆ ಬ್ರ್ಯಾಂಪ್ಟನ್ನಿನಲ್ಲೇ ಇದ್ದಾರೆ. ಎಪ್ಪತ್ತು ದಾಟಿದರೂ ಕನ್ನಡದವರ ಮಟ್ಟಿಗೆ ಅವರೇ ಟೆಲಿಫೋನ್ ಎಕ್ಸ್‌ಚೇಂಜು. ಯಾರ ಮನೆಯಲ್ಲಿ ಬಾಣಂತನ, ಯಾರಿಗೆ ಬಾಡಿಗೆಗೆ ಬೇಸ್‌ಮೆಂಟು ಬೇಕು, ಎಲ್ಲ ಅವರ ಬಾಯಲ್ಲಿ. ವಾಲಿಬಾಲಿನಲ್ಲಿ ಎಷ್ಟು ಜನ ಆಡುತ್ತಾರೆ ಎಂದು ಕೇಳಿದರೆ ಗೊತ್ತಿಲ್ಲ. ಆದರೆ ಭರತೇಶನ ತುಣುಕುಗಳನ್ನು ದಿನಾ ಊಟ ಆದ ಮೇಲೆ ಹಾಕಿಕೊಂಡು ಕೇಳುತ್ತಿದ್ದರು.

"ಅಷ್ಟೇ ತಾನೇ? ಫೋನ್ ಮಾಡಿಸೋದು ಒಂದು ಕೆಲ್ಸವೇನಪ್ಪಾ? ನೀನು ಕಾಫಿ ಕುಡಿ" ಎಂದರು ಸುಮಿತ್ರಮ್ಮ. "ನಮ್ಮೋರು ಒಬ್ರು ಟಿವೀಲಿ ಬರ್ತಾರೆ ಅಂದ್ರೆ ಯಾರು ಇಲ್ಲ ಅಂತಾರೆ? ಭಜನೆ ಗ್ರೂಪು, ಯೋಗದ ಗ್ರೂಪು, ಎಲ್ಲಾರ್ ಕೈಲೂ ಮಾಡಿಸ್ತೀನಿ."

ಮಾಡಿಸಿದರು ಕೂಡ. ಆ ಬೇಸಿಗೆಯಲ್ಲಿ ಕೇಬಲ್ ಕಂಪನಿಯ ಫೋನು ಒಂದು ಗಳಿಗೆ ಸುಮ್ಮನಿರಲಿಲ್ಲ. ಬ್ರ್ಯಾಂಪ್ಟನ್, ಮಿಸ್ಸಿಸಾಗಾ, ಥಾರ್ನ್‌ಕ್ಲಿಫ್ ಪಾರ್ಕಿನ ಅಪಾರ್ಟ್‌ಮೆಂಟುಗಳಿಂದಲೂ ನಮ್ಮವರು ಕರೆ ಮಾಡಿದರು. ಕೆಲವರು ಕ್ಯಾಂಪಸ್ ಕೋರ್ಟ್ ಕೇಳಿ, ಅದರ ಜೊತೆಗೆ ಕನ್ನಡದ ಧಾರಾವಾಹಿಯನ್ನೂ ಕೊಡಿ ಎಂದರು. ಕಮಲಮ್ಮ ಎಂಬವರು ಅಕೌಂಟ್ ನಂಬರ್ ಕೇಳಿದ್ದಕ್ಕೆ ತಮ್ಮ ಹೆಲ್ತ್ ಕಾರ್ಡಿನ ನಂಬರನ್ನು ಓದಿ ಹೇಳಿದರಂತೆ. ಉಳಿದವರು, ಅದೆಲ್ಲ ನಮ್ಮ ಮಗನಿಗೆ ಗೊತ್ತು, ನೀವು ಮೊದಲು ಚಾನೆಲ್ ಹಾಕಿ ಎಂದು ಗದರಿಸಿ ಇಟ್ಟರು. ಭರತೇಶ ಕೇಳಿ ಕೇಳಿ ನಕ್ಕ. ಆ ಬೇಸಿಗೆಯಲ್ಲಿ ಅವನು ನಕ್ಕಷ್ಟು ನಕ್ಕದ್ದನ್ನು ಹೇಮಶ್ರೀ ಯಾವತ್ತೂ ನೋಡಿರಲಿಲ್ಲ.

ಆಗಸ್ಟಿನಲ್ಲಿ ಕಂಪನಿಯವರು ಮೀಟಿಂಗಿಗೆ ಕರೆದರು. ಗ್ಲೆಂಡಾ ಕುಣಿದಾಡಿದಳು. ಈ ಮಂದಿಯನ್ನೆಲ್ಲ ಎಬ್ಬಿಸಿದವನು ನೀನು, ನೀನೂ ಬರಬೇಕು ಎಂದು ಭರತೇಶನನ್ನೂ ಹೊರಡಿಸಿದಳು. ಅವನು ಮದುವೆಗೆಂದು ಹೊಲಿಸಿದ ಕೋಟು ಹಾಕಿಕೊಂಡ. ಹೊಟ್ಟೆಯ ಹತ್ತಿರ ಗುಂಡಿ ಹಾಕಲು ಬರಲಿಲ್ಲ, ಬಿಟ್ಟುಕೊಂಡೇ ಹೋದ.

ಟೊರಾಂಟೊ ಡೌನ್‌ಟೌನಿನ ಎತ್ತರದ ಕಟ್ಟಡ, ಗಾಜಿನ ಕೋಣೆ. ಎದುರಿಗೆ ಕಂಪನಿಯ ಒಬ್ಬ ಮೇಡಂ, ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದ ಒಬ್ಬ ಸೂಟಿನವನು. ಮೇಡಂ ನಗುನಗುತ್ತಲೇ ಮಾತಾಡಿದಳು. ಒಂದು ಸಣ್ಣ ಚಾನೆಲ್ಲಿಗೆ ಇಷ್ಟು ಫೋನು ಬಂದದ್ದು ತಾನು ನೋಡಿಯೇ ಇಲ್ಲ ಎಂದಳು. ಕರೆ ಮಾಡಿದವರಲ್ಲಿ ಒಬ್ಬರೂ ತಮ್ಮ ಗ್ರಾಹಕರಲ್ಲ, ಅದೇ ತಮಗೆ ಖುಷಿಯ ವಿಷಯ, ಚಾನೆಲ್ ಕೊಟ್ಟರೆ ಇಷ್ಟೊಂದು ಹೊಸ ಮನೆಗಳು ತಮ್ಮ ಕಡೆಗೆ ಬರಬಹುದಲ್ಲ ಎಂದಳು. ಗ್ಲೆಂಡಾಳ ಮುಖ ಅರಳಿತು. ಭರತೇಶ ಮನಸ್ಸಿನಲ್ಲೇ ವೇರ್‌ಹೌಸಿನ ಹೆಡ್‌ಸೆಟ್ ಕಳಚಿಟ್ಟ.

ಅಷ್ಟರಲ್ಲಿ ಆ ಸೂಟಿನವನು ತಲೆ ಎತ್ತಿದ. ಕರೆ ಮಾಡಿದವರಲ್ಲಿ ಕೆಲವರಿಗೆ ಅದು ಯಾವ ಆಟ ಎಂದೇ ಗೊತ್ತಿರಲಿಲ್ಲ ಎಂದ. ಯಾವ ಕಂಪನಿಯ ಟಿವಿ ನೋಡುತ್ತೀರಿ ಎಂದು ಕೇಳಿದರೆ ಒಬ್ಬರೂ ಹೆಸರು ಹೇಳಲಿಲ್ಲ. ಇವರು ನಿಜವಾಗಿ ಟಿವಿ ನೋಡುವ ಜನವೋ ಅಥವಾ ಯಾರೋ ಹತ್ತು ಮಂದಿಯನ್ನು ಕೂರಿಸಿ ಸುಳ್ಳು ಫೋನು ಮಾಡಿಸಿದ್ದಾರೋ ಎಂದು ಗ್ಲೆಂಡಾಳನ್ನು ಕೇಳಿದ.

ಭರತೇಶನ ಮೈ ಉರಿದುಹೋಯಿತು. ಸುಮಿತ್ರಮ್ಮ, ಕಮಲಮ್ಮ, ಶಿಫ್ಟು ಮುಗಿಸಿ ಬಂದು ನಿದ್ದೆಗಣ್ಣಿನಲ್ಲಿ ಫೋನು ಹಚ್ಚಿದ ಹುಡುಗರು, ಇವರೆಲ್ಲ ಸುಳ್ಳು ಜನವೇ? ಗ್ಲೆಂಡಾ ಉತ್ತರ ಹುಡುಕುತ್ತಿರುವಾಗಲೇ ಇವನು ಬಾಯಿ ಹಾಕಿದ. ಇಂಗ್ಲಿಷಿನಲ್ಲೇ ಹೇಳಿದ, ಆದರೆ ದನಿ ಹುಕ್ಕೇರಿಯ ಮೈದಾನದ್ದು. ಅದನ್ನು ನಮ್ಮ ಮಾತಿನಲ್ಲಿ ಹೇಳಬೇಕೆಂದರೆ ಹೀಗೆ:

"ಸುಳ್ಳು ಮಂದಿ ಅಲ್ರಿ ನಮ್ಮವ್ರು! ನಿಮಗಿಂತ ಹೆಚ್ಚ ಟಿವಿ ನೋಡ್ತಾರ. ಕಂಪನಿ ಹೆಸರ ಹೆಂಗ ಹೇಳ್ತಾರ್ರಿ, ಎಲ್ಲಾರ ಮನ್ಯಾಗೂ ಬಾಕ್ಸ್ ಐತಿ!"

ಬಾಕ್ಸ್ ಎಂದರೇನು ಎಂದು ಮೇಡಂ ಕೇಳಿದಳು. ಮೇಜಿನ ಕೆಳಗೆ ಗ್ಲೆಂಡಾ ಭರತೇಶನ ಮಂಡಿ ಹಿಡಿದು ಒತ್ತಿದಳು. ಅವನು ಏನೆಂದುಕೊಂಡ ಗೊತ್ತೇ? ಭಲೇ, ಇನ್ನೂ ಹೇಳು ಅಂತ ಬೆನ್ನು ತಟ್ಟುತ್ತಿದ್ದಾಳೆ ಎಂದುಕೊಂಡ! ಅಯ್ಯೋ ಪುಣ್ಯಾತ್ಮಾ! ದನಿ ಇನ್ನೂ ಒಂದು ಪಟ್ಟು ಏರಿಸಿದ. ಅಂಗೈಯಗಲದ ಕರಿ ಡಬ್ಬ, ಟಿವಿಗೆ ಸಿಕ್ಕಿಸಿದರೆ ಆಯಿತು, ಪ್ರಪಂಚದ ಎಲ್ಲ ಚಾನೆಲ್ಲೂ ಬರುತ್ತದೆ, ಕನ್ನಡ ಧಾರಾವಾಹಿ, ಕ್ರಿಕೆಟ್ಟು, ನಿಮ್ಮ ಹಾಕಿ ಕೂಡ ಬರುತ್ತದೆ. ಪ್ಲಾಜಾದ ಅಂಗಡಿಯವನು ಬಿಲ್ಲು ಕೊಟ್ಟು, ವಾರಂಟಿ ಕೊಟ್ಟು, ಮನೆಗೇ ಬಂದು ಹಾಕಿಹೋಗುತ್ತಾನೆ. ನನ್ನ ಮನೆಯಲ್ಲೂ ಇದೆ. ಇಡೀ ಬೀದಿಯಲ್ಲೇ ಕೇಬಲ್ ಇಟ್ಟುಕೊಂಡವರು ಒಬ್ಬರಿಲ್ಲ. ಹೀಗಿರುವಾಗ ನಮ್ಮ ಮಂದಿ ಟಿವಿ ನೋಡುವುದಿಲ್ಲ ಅಂತ ಹೇಗೆ ಹೇಳುತ್ತೀರಿ? ಅಷ್ಟು ಹೇಳಿ ಗೆದ್ದವನ ಹಾಗೆ ಹಿಂದಕ್ಕೆ ಒರಗಿ ಕೂತ.

ಸೂಟಿನವನು ಲ್ಯಾಪ್‌ಟಾಪಿನಲ್ಲಿ ಏನೋ ಒತ್ತಿದ. ಮೇಡಂ ನಗುವುದನ್ನು ನಿಲ್ಲಿಸಿರಲಿಲ್ಲ, ಆದರೆ ಆ ನಗುವಿನಲ್ಲಿ ಏನೂ ಉಳಿದಿರಲಿಲ್ಲ. ಬಂದದ್ದಕ್ಕೆ ಥ್ಯಾಂಕ್ಸ್, ತಿಳಿಸುತ್ತೇವೆ ಎಂದಳು. ಗ್ಲೆಂಡಾ ಇವನ ಮಂಡಿಯ ಮೇಲಿಂದ ಕೈ ತೆಗೆದಳು.

ವ್ಯಾನು ಹೈವೇ ಹತ್ತಿದ ಮೇಲೆ ಗ್ಲೆಂಡಾ ಮೆಲ್ಲಗೆ, ಅದು ಕಳ್ಳಮಾಲು ಅಂತ ನಿನಗೆ ನಿಜವಾಗಿಯೂ ಗೊತ್ತಿರಲಿಲ್ಲವಾ ಭರತ್ ಎಂದು ಕೇಳಿದಳು. ಕಂಪನಿಗಳು ಕಾಸು ಕೊಟ್ಟು ತರುವ ಚಾನೆಲ್ಲುಗಳನ್ನು ಯಾರೋ ಕದ್ದು ಹಂಚುತ್ತಾರೆ, ಅದೇ ಬಾಕ್ಸು, ಕೇಬಲ್ಲಿನವರ ಹೊಟ್ಟೆಗೆ ಹೊಡೆಯುತ್ತಿರುವುದೇ ಅದು ಎಂದು ಬಿಡಿಸಿ ಹೇಳಿದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಭರತೇಶ ದಾರಿಯುದ್ದಕ್ಕೂ ಕೋಟಿನ ತುದಿ ಹಿಡಿದುಕೊಂಡು ಕೂತಿದ್ದ.

ಮನೆಗೆ ಬಂದು ಹೇಳಿದರೆ ಮಾನ್ಯಾ ಫೋನಿನಿಂದ ತಲೆ ಎತ್ತದೆ "ಅಪ್ಪಾ, ಎವ್ರಿಬಡಿ ನೋಸ್ ದಟ್" ಎಂದಳು. ಅವನು ಹೇಮಶ್ರೀಯ ಕಡೆ ನೋಡಿದ. ಅವಳು ಹಿಟ್ಟು ನಾದುವುದನ್ನು ಬಿಟ್ಟಳು.

"ನಿನಗೂ ಗೊತ್ತಿತ್ತೇನ?"

"ಒಂದೀಟ ಗೊತ್ತಿತ್ರಿ. ಎಲ್ಲಾರೂ ಹಾಕ್ಸ್ಯಾರಂತ ನಾನೂ ಸುಮ್ಕಾದೆ. ನೀವು ಧಾರಾವಾಹಿ ನೋಡ್ಕೋತ ನಗ್ತಿದ್ರಿ. ಹೆಂಗ ಹೇಳ್ಲಿ?"

ಗಡ್ಡೆ ಗೆಣಸು ಮುಟ್ಟದವನು, ಕತ್ತಲಾದ ಮೇಲೆ ಒಂದು ತುತ್ತು ತಿನ್ನದವನು, ಇರುವೆ ಕಂಡರೆ ಕಾಲು ಪಕ್ಕಕ್ಕಿಡುವವನು ಅವನು. ಕದಿಯಬಾರದು ಎಂಬ ವ್ರತವನ್ನು ಹುಡುಗನಿದ್ದಾಗಲೇ ಬಸದಿಯಲ್ಲಿ ಮುನಿಗಳ ಮುಂದೆ ತೆಗೆದುಕೊಂಡಿದ್ದ. ಅಂಥವನ ಮನೆಯ ನಡುಮನೆಯಲ್ಲಿ ವರ್ಷಗಟ್ಟಲೆ ಕದ್ದ ಮಾಲು ಕೂತಿತ್ತು. ತೀರ್ಥಂಕರರ ಪಟದ ಕೆಳಗೇ ಕೂತಿತ್ತು. ಎದ್ದು ಹೋಗಿ ವಯರು ಕಿತ್ತ. ಬಾಕ್ಸನ್ನು ಎಲ್ಲಿ ಎಸೆಯಬೇಕೆಂದು ತಿಳಿಯದೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದ. ಕೊನೆಗೆ ಹೇಮಶ್ರೀಯೇ ಬಂದು ಬಿಡಿಸಿಕೊಂಡಳು.

ಉತ್ತರ ಬಂದದ್ದು ಸೆಪ್ಟೆಂಬರಿನಲ್ಲಿ, ಸೀಸನ್ನಿನ ಮೊದಲ ಪಂದ್ಯಕ್ಕೆ ಮುಂಚೆಯೇ. ಗ್ಲೆಂಡಾ ಎಲ್ಲರನ್ನೂ ಕರೆದು ಹೇಳಿದಳು. ಈ ಚಾನೆಲ್ ಕೇಳುತ್ತಿರುವವರು ದುಡ್ಡು ಕೊಟ್ಟು ಟಿವಿ ನೋಡುವ ಜನವಲ್ಲ ಎಂಬುದು ಕಂಪನಿಗೆ ಖಚಿತವಾಗಿದೆಯಂತೆ, ಆದ್ದರಿಂದ ಸೇರಿಸಿಕೊಳ್ಳುವುದಿಲ್ಲವಂತೆ. ಇದನ್ನು ಹೇಳುವಾಗ ಅವಳು ಭರತೇಶನ ಕಡೆ ನೋಡಲಿಲ್ಲ. ಅವನಿಗೆ ಅವಮಾನವಾಗದಿರಲಿ ಎಂದೇ ನೋಡಲಿಲ್ಲ, ಅದು ಅವನಿಗೂ ಗೊತ್ತಾಯಿತು. ಕ್ಯಾಮೆರಾಗಳನ್ನು ಮಾರಿದರು. ಕಾಲೇಜುಗಳು ತಮ್ಮ ಆಟಗಳನ್ನು ತಾವೇ ಫೋನಿನಲ್ಲಿ ಹಿಡಿದು ಹಾಕಿಕೊಳ್ಳತೊಡಗಿದವು, ಕಾಮೆಂಟ್ರಿ ಇಲ್ಲ, ಏನಿಲ್ಲ, ಚೆಂಡಿನ ಸದ್ದು ಮತ್ತು ಬೂಟಿನ ಕೀಚು ಮಾತ್ರ. ಗ್ಲೆಂಡಾ ಮನೆ ಮಾರಿ ತಂಗಿಯ ಊರಿಗೆ ಹೋದಳು. ಹೋಗುವಾಗ ಭರತೇಶನನ್ನು ತಬ್ಬಿಕೊಂಡು ನಿನ್ನ ತಪ್ಪಲ್ಲ ಎಂದಳು. ಅವನ ತಪ್ಪೇ ಎಂದು ಇಬ್ಬರಿಗೂ ಗೊತ್ತಿತ್ತು.

ಅವನಿಗೆ ಐವತ್ತು ದಾಟಿದೆ. ಇನ್ನೊಬ್ಬ ಗ್ಲೆಂಡಾ ಈ ಜನ್ಮದಲ್ಲಿ ಬರುವುದಿಲ್ಲ. ಒಮ್ಮೆ ಹೋದದ್ದು ಹದಿನೈದು ವರ್ಷದ ಮೇಲೆ ತಿರುಗಿ ಬಂದು ಬಾಗಿಲು ತಟ್ಟಿತ್ತು, ತಾನೇ ಕೈಯಾರೆ ಅಟ್ಟಿಬಿಟ್ಟೆ ಎಂಬುದು ಅವನನ್ನು ಕೂತಲ್ಲಿ ನಿಂತಲ್ಲಿ ತಿನ್ನತೊಡಗಿತು. "ಮುಗೀತ ಹೇಮಾ, ನಂದು ಮುಗೀತ" ಎಂದು ಒಂದು ಸಂಜೆ ಹೇಳಿದ. ಅವಳು ತಟ್ಟೆಗೆ ಇನ್ನೊಂದು ಚಪಾತಿ ಹಾಕಿದಳು. ಅವನು ಅದನ್ನು ಮುಟ್ಟಲಿಲ್ಲ. ವೇರ್‌ಹೌಸಿನಲ್ಲಿ ಈಗ ಯಂತ್ರ ಇವನ ಮಾತನ್ನು ಎರಡನೇ ಸಲ ಕೇಳುವುದೇ ಇಲ್ಲ, ಅಷ್ಟು ಮೆತ್ತಗೆ, ಅಷ್ಟು ಸರಿಯಾಗಿ ಹೇಳುತ್ತಾನೆ. ಸೂಪರ್‌ವೈಸರ್‌ಗೆ ಇವನೆಂದರೆ ಬಲು ಮೆಚ್ಚು.

ನಮ್ಮವರಿಗೆ ಇದ್ಯಾವುದನ್ನೂ ಅವನು ಹೇಳಲಿಲ್ಲ. ಹೇಗೆ ಹೇಳಿಯಾನು? ನಿಮ್ಮ ನಿಮ್ಮ ಮನೆಯ ಬಾಕ್ಸಿನಿಂದಲೇ ಹೀಗಾಯಿತು ಎನ್ನುವುದೇ? ಯಾರಾದರೂ ಕೇಳಿದರೆ "ನಡದೈತ್ರಿ" ಎಂದು ತಪ್ಪಿಸಿಕೊಂಡು ಓಡಾಡಿದ. ಸುಮಿತ್ರಮ್ಮನವರ ಫೋನು ಬಂದರೆ ಎತ್ತುತ್ತಲೇ ಇರಲಿಲ್ಲ. ಆದರೆ ಅವರು ಬಿಡುವ ಆಸಾಮಿಯೇ? ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ ಹೇಮಶ್ರೀಗೆ ಫೋನು ಮಾಡಿ, ನಿನ್ನ ಗಂಡನ್ನ ಈಗಿಂದೀಗ ಕಳ್ಸು ಎಂದರು. ಹೋಗದೆ ವಿಧಿಯಿರಲಿಲ್ಲ.

ಬಾಗಿಲು ತೆರೆದ ಸುಮಿತ್ರಮ್ಮನವರ ಮುಖದಲ್ಲಿ ಹಬ್ಬದ ಕಳೆ ಇತ್ತು. ಮಗ ಸೊಸೆ ಅಂಗಡಿಗೆ ಹೋಗಿದ್ದರು. ಇವನ ತೋಳು ಹಿಡಿದು ತಮ್ಮ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಹೊಸ ಟಿವಿ, ಅದರ ಕೆಳಗೆ ಆ ಕೇಬಲ್ ಕಂಪನಿಯ ಹೆಸರು ಮಿನುಗುವ ಪೆಟ್ಟಿಗೆ.

"ಹೆಂಗಿದೆ?" ಎಂದರು ಸುಮಿತ್ರಮ್ಮ. "ಆವತ್ತು ಫೋನ್ ಮಾಡ್ದಾಗ ಆ ಹುಡುಗಿ ಅಕೌಂಟ್ ನಂಬರ್ ಕೇಳಿದ್ಲಲ್ಲ, ನಂಗೆ ನಾಚ್ಕೆ ಆಗೋಯ್ತು ಕಣಪ್ಪಾ. ನಮ್ ಹುಡುಗನ್ನ ಹಾಕಿ ಅಂತ ಕೇಳೋದು, ಕನೆಕ್ಷನ್ನೇ ಇಲ್ಲ ಅನ್ನೋದು, ಚೆನ್ನಾಗಿರತ್ತಾ? ಮಗನ ಹತ್ರ ಹಟ ಮಾಡಿ ಹಾಕಿಸ್ದೆ. ಎರಡು ವರ್ಷ ಬಿಡೋಹಾಗಿಲ್ವಂತೆ. ಬಿಡೋದ್ಯಾಕೆ, ಎರಡು ವರ್ಷ ನಿನ್ ಕಾಮೆಂಟ್ರಿ ಕೇಳ್ತೀನಿ. ತಗೋ, ಯಾವ ನಂಬರಲ್ಲಿ ಬರತ್ತೆ ಹಾಕು."

ರಿಮೋಟನ್ನು ಅವನ ಕೈಗಿಟ್ಟು ಮಂಚದ ಮೇಲೆ ಕಾಲು ಮಡಚಿ ಕೂತರು. ಭರತೇಶ ಗುಂಡಿ ಒತ್ತಿದ. ಹವಾಮಾನ ಬಂತು, ಅಡುಗೆ ಬಂತು, ಯಾರೋ ಮನೆ ಮಾರುವವರು ಬಂದರು, ಹಾಕಿ ಬಂತು. ಒತ್ತುತ್ತಲೇ ಹೋದ. "ಮೆಲ್ಲಗೆ ಒತ್ತಪ್ಪಾ, ಮುಂದೆ ಹೋಗ್ಬಿಟ್ಟೀತು" ಎಂದರು ಸುಮಿತ್ರಮ್ಮ. ಅವನು ಮೆಲ್ಲಗೆ ಒತ್ತಿದ. ಕೊನೆಯ ತನಕ ಹೋಗಿ ಮತ್ತೆ ಮೊದಲಿನಿಂದ ಶುರುಮಾಡಿದ.

"ಮುಂದಿನ ತಿಂಗಳ ಬರತೈತ್ರಿ ಅಮ್ಮಾರ" ಎಂದ ಕೊನೆಗೆ.

"ಓ, ಹಂಗಾ? ಒಳ್ಳೇದೇ ಆಯ್ತು ಬಿಡು!" ಸುಮಿತ್ರಮ್ಮ ದಿಂಬಿನ ಪಕ್ಕದ ಫೋನು ಎತ್ತಿಕೊಂಡರು. "ಹಂಗಾದ್ರೆ ಕಮಲಮ್ಮಂಗೂ ಹಾಕಿಸ್ಬಿಡ್ತೀನಿ. ಭಜನೆ ಗ್ರೂಪಿಗೆಲ್ಲಾ ಹೇಳ್ತೀನಿ, ಆ ಬಾಕ್ಸ್ ತೆಗೆದು ಬಿಸಾಕಿ, ಇದನ್ ಹಾಕ್ಸಿ ಅಂತ. ನಾನು ಹೇಳಿದ್ರೆ ಕೇಳ್ತಾರೆ."

"ಬ್ಯಾಡ್ರಿ!" ಭರತೇಶ ಫೋನಿನ ಮೇಲೆ ಕೈ ಇಟ್ಟ. "ಬ್ಯಾಡ್ರಿ ಅಮ್ಮಾರ, ಕೈ ಮುಗಿತೇನಿ. ಚಾನೆಲ್ ಬರಂಗಿಲ್ಲ. ಮುಚ್ಚೇತಿ ಅದು. ಆಗಳೆ ಮುಚ್ಚೇತಿ."

ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಗಾಜಿನ ಕೋಣೆ, ಸೂಟಿನವನ ಮಾತು, ತಾನು ಕೊಟ್ಟ ಉತ್ತರ, ಗ್ಲೆಂಡಾ ಮಂಡಿ ಒತ್ತಿದ್ದು, ಒಂದನ್ನೂ ಬಿಡಲಿಲ್ಲ. ಸುಮಿತ್ರಮ್ಮ ಬಾಯಿಗೆ ಸೆರಗು ಹಿಡಿದುಕೊಂಡು ಕೇಳಿದರು.

"ಅಂದ್ರೆ, ನಾವು ಫೋನ್ ಮಾಡಿದ್ದೇ ತಪ್ಪಾಗೋಯ್ತೇನಪ್ಪಾ?"

"ಅಲ್ರಿ. ನಿಮ್ಮ ಫೋನ್ ಕೇಳೇ ಅವ್ರು ನಮ್ಮನ್ನ ಕರದಿದ್ರು. ಒಪ್ಪಾವ್ರೇ ಇದ್ರು. ನಾ ಸುಮ್ಕ ಕೂತಿದ್ರ ಆಗತಿತ್ತು."

ಸುಮಿತ್ರಮ್ಮ ಕಣ್ಣು ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಡ್ರಾಯರಿನಿಂದ ಬಿಲ್ಲು ತೆಗೆದರು.

"ಆಗ ನನ್ ಹತ್ರ ನಂಬರ್ ಇರ್ಲಿಲ್ಲ, ಈಗ ಇದ್ಯಲ್ಲ. ಈಗ ಕೇಳ್ತೀನಿ ನಾನು. ದುಡ್ ಕೊಡೋ ಗಿರಾಕಿ ಕೇಳಿದ್ರೆ ಹೆಂಗೆ ಇಲ್ಲ ಅಂತಾರೆ ನೋಡೇಬಿಡ್ತೀನಿ."

"ಅಮ್ಮಾರ, ಉಪಯೋಗಿಲ್ರಿ..."

ಅವರು ಆಗಲೇ ಒತ್ತಿಯಾಗಿತ್ತು. ಸ್ಪೀಕರಿನಲ್ಲಿ ಬಹಳ ಹೊತ್ತು ಸಂಗೀತ ಬಂತು. ಆಮೇಲೆ ಒಬ್ಬ ಹುಡುಗ ಮಾತಾಡಿದ. ಸುಮಿತ್ರಮ್ಮ ಅಕೌಂಟ್ ನಂಬರನ್ನು ಒಂದೊಂದೇ ಅಂಕಿಯಾಗಿ, ಬೆರಳಿಟ್ಟು ಓದಿ ಹೇಳಿದರು. ಹುಡುಗ, ಸಿಕ್ಕಿತು ಮ್ಯಾಮ್, ಏನು ಸಹಾಯ ಮಾಡಲಿ ಎಂದ. ಅವರು ಭರತೇಶನ ಕಡೆ ಒಮ್ಮೆ ನೋಡಿ, ಕ್ಯಾಂಪಸ್ ಕೋರ್ಟ್ ಬೇಕು ಎಂದರು. ಆ ಕಡೆ ಗುಂಡಿ ಒತ್ತುವ ಸದ್ದು ಕೇಳಿತು. ಕ್ಷಮಿಸಿ ಮ್ಯಾಮ್, ಆ ಹೆಸರಿನ ಚಾನೆಲ್ ಯಾವುದೂ ಇಲ್ಲವಲ್ಲ, ಅದು ಯಾವ ಚಾನೆಲ್ಲು, ಅದರಲ್ಲಿ ಏನು ಬರುತ್ತದೆ ಎಂದು ಹುಡುಗ ನಿಜವಾಗಿಯೂ ತಿಳಿಯದೆ ಕೇಳಿದ.

"ನಂಗೆ ಇಂಗ್ಲಿಷಲ್ಲಿ ಅಷ್ಟೆಲ್ಲಾ ಬರಲ್ಲ. ನೀನೇ ಹೇಳಪ್ಪಾ ಅವನಿಗೆ" ಎಂದು ಸುಮಿತ್ರಮ್ಮ ಫೋನನ್ನು ಭರತೇಶನ ಬಾಯಿಯ ಹತ್ತಿರ ಹಿಡಿದರು.

ಭರತೇಶ ಬಾಯಿ ತೆರೆದ. ಉಸಿರು ಬಂತು, ದನಿ ಬರಲಿಲ್ಲ. ಹಲೋ, ಹಲೋ, ಅಲ್ಲಿ ಯಾರಾದರೂ ಇದ್ದೀರಾ ಎಂದು ಹುಡುಗ ಕೇಳಿದ. ಮತ್ತೊಮ್ಮೆ ಕೇಳಿ, ಸ್ವಲ್ಪ ಕಾದು, ಇಟ್ಟುಬಿಟ್ಟ. ಸುಮಿತ್ರಮ್ಮ ಇನ್ನೂ ಫೋನನ್ನು ಅವನ ಬಾಯಿಯ ಹತ್ತಿರವೇ ಹಿಡಿದುಕೊಂಡಿದ್ದರು.